ಕಡಲಹೂವಿನ ಊಟ

ಈಚೆಗೆ ನನಗೊಂದು ಚಟ ಹತ್ತಿದೆ. ಯಾರು ಏನು ತಿಂದರೂ ಅವರ ಗಂಟಲನ್ನೇ ನೋಡುತ್ತ ಕೂರುತ್ತೇನೆ. ಗಂಟಲಿನ ಗಡ್ಡೆಗೆ ರೇಡಿಯೇಷನ್ ಕೊಟ್ಟ ಮೇಲೆ ನಮ್ಮ ಮನೆಯವರಿಗೆ ಅನ್ನ, ಸಾರು, ಪಾಯಸ ಎಲ್ಲಕ್ಕೂ ಒಂದೇ ರುಚಿ, ರಟ್ಟಿನದು. ತೂಕ ಇನ್ನೂ ಇಳಿದರೆ ಹೊಟ್ಟೆಗೆ ಟ್ಯೂಬ್ ಹಾಕಬೇಕಾದೀತೆಂದು ಡಾಕ್ಟರು ಹೇಳಿದ್ದಾರೆ.

ಲಾಸ್ ಏಂಜಲೀಸ್ ಹತ್ತಿರದ ಪೊಮೊನಾ ಕಾಲೇಜಿನಲ್ಲಿ ಓದುವ ಅಕ್ಕನ ಮಗಳು ಅಶ್ವಿನಿ ಶನಿವಾರ ಬಂದರೆ ಮನೆಯಲ್ಲಿ ಒಂದಿಷ್ಟು ಮಾತು. ಅವಳ ಕೆಲಸವೂ ಬಡಿಸುವುದೇ. ಬಂಡೆಗೆ ಅಂಟಿಕೊಂಡು, ಎಸಳಿನಂಥ ಬೆರಳುಗಳಿಂದ ತುತ್ತು ಹಿಡಿಯುವ ಸೀ ಅನಿಮೋನ್ ಎಂಬ ಪ್ರಾಣಿಗೆ. ನಾನು ಕಡಲಹೂ ಅನ್ನುತ್ತೇನೆ. ಅವಳ ಪ್ರಯೋಗಾಲಯದ ತೊಟ್ಟಿಯಲ್ಲಿ ಲಾಸ್ ಏಂಜಲೀಸ್ ದಂಡೆಯವು ಕೊಟ್ಟದ್ದನ್ನು ಗಬಕ್ಕನೆ ನುಂಗುತ್ತವಂತೆ. ನಮ್ಮ ಸ್ಯಾನ್ ಡಿಯಾಗೋದವು ಮುಟ್ಟಿ, ಯೋಚಿಸಿ, ಉಗುಳುತ್ತವಂತೆ. ಇದು ಹುಟ್ಟುಗುಣವೋ ದಂಡೆಯ ಅಭ್ಯಾಸವೋ ತಿಳಿಯಲು ಎರಡನ್ನೂ ಒಂದೇ ನೀರಿನಲ್ಲಿ ಇಟ್ಟಿದ್ದಾಳೆ.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಧಾರವಾಡದ ನಾನು, ಕುಂದಾಪುರದ ಇವರು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಒಂದೇ ನಲ್ಲಿಯ ನೀರು ಕುಡಿಯುತ್ತ ವರ್ಷಗಳಾದವು. ನನಗೆ ಇವತ್ತಿಗೂ ಗಂಜಿ ಜ್ವರದವರ ಪಥ್ಯ, ಇವರಿಗೆ ಅದೇ ಊಟ. ಈಗ ಆ ಗಂಜಿಯೂ ಬೇಡವಾಗಿದೆ.

ಮೊನ್ನೆ ಶನಿವಾರ, ಜೂನ್ ತಿಂಗಳ ಮೋಡ ಮಧ್ಯಾಹ್ನವಾದರೂ ಕಿಟಕಿ ಬಿಟ್ಟು ಕದಲಿರಲಿಲ್ಲ. ನಾನು ಎಂದಿನಂತೆ ಗಂಜಿಯ ಚಮಚ ಹಿಡಿದು ಇವರ ಬಲಕ್ಕೆ ಕೂತಿದ್ದೆ.

"ಸಾಕು ಮಾರಾಯ್ತಿ. ಕಾಗದ ತಿಂದ ಹಾಗೆ ಆಗ್ತದೆ," ಎಂದರು ಇವರು.

ಅಶ್ವಿನಿಗೆ ಅಷ್ಟೇ ಸಾಕಾಯಿತು. "ನಾನೂ ಅವಕ್ಕ ಕಾಗದಾನ ಕೊಡ್ತೀನ್ರಿ ಕಾಕಾ, ಸೀಗಡಿ ರಸದಾಗ ಅದ್ದಿ. ಮೊದಲ ನುಂಗ್ತಾವ, ಆಮ್ಯಾಲೆ ಮೋಸ ಗೊತ್ತಾಗಿ ಒಲ್ಲೆ ಅಂತಾವ. ಮಜಾ ಏನಂದ್ರ, ಇನ್ನೊಂದು ಬಾಜೂಕಿನ ಬೆರಳಿಗೆ ಕೊಟ್ರ ಮತ್ತ ನುಂಗ್ತಾವ! ಆ ಕಡೆ ಸುದ್ದೀನ ಹೋಗಿರಂಗಿಲ್ಲ. ಮಿದುಳ ಇಲ್ಲಲ್ರೀ ಅವಕ್ಕ."

"ಮೆಲ್ಲಗೆ ಹೇಳು. ನಿನ್ನ ಮೌಶಿ ನನ್ನನ್ನೂ ಅವುಗಳ ಸಾಲಿಗೆ ಸೇರಿಸಿಯಾಳು."

ನಾನು ಎದ್ದು, ಕುರ್ಚಿ ಎಳೆದುಕೊಂಡು ಇವರ ಎಡಕ್ಕೆ ಬಂದು ಕೂತೆ. ಬೇರೆ ಉಪಾಯ ಉಳಿದಿರಲಿಲ್ಲ. ಇವರು ಚಮಚವನ್ನು ನೋಡಿದರು, ನನ್ನನ್ನು ನೋಡಿದರು. ಮೋಸ ಚೆನ್ನಾಗಿಯೇ ಗೊತ್ತಿತ್ತು.

"ಈ ಬದಿಗೆ ಸುದ್ದಿ ಇನ್ನೂ ಬರ್ಲಿಲ್ಲ ಮಾರಾಯ್ತಿ," ಎಂದು ಬಾಯಿ ತೆರೆದರು.

ಗಂಟಲು ಏರಿ, ತಡೆದು, ಇಳಿಯಿತು. ರುಚಿ ಹತ್ತಿತೆಂದು ನಾನು ಹೇಳಲಾರೆ. ಅರ್ಧ ಬಟ್ಟಲು ಖಾಲಿಯಾಯಿತು, ಅಷ್ಟೇ.

ಎಡಗಡೆಗೂ ಸುದ್ದಿ ಮುಟ್ಟುವ ದಿನ ಬಂದೇ ಬರುತ್ತದೆ. ಆದರೆ ಕಡಲಹೂಗಳು ಕೆಲವೇ ದಿನಗಳಲ್ಲಿ ಮೋಸ ಮರೆಯುತ್ತವಂತೆ. ಆಗ ಕುರ್ಚಿಯನ್ನು ಮತ್ತೆ ಬಲಕ್ಕೆ ಎಳೆದುಕೊಂಡರಾಯಿತು.