ಒಡೆದ ಎಸಳು

ಚಿತ್ರ ನೋಡುವಾಗ ಗಿರಿಜಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. “ಕೈ ಬಿಟ್ರೆ ಒರೆಸೋಕೆ ಹೋಗುತ್ತೆ ಟೀಚರೇ, ಅಭ್ಯಾಸ,” ಅನ್ನುತ್ತಿದ್ದರು. ಗೋಣಿಬೀಡಿನ ಹತ್ತಿರದ ಎಸ್ಟೇಟ್ ಬಂಗಲೆಯ ಮುಂದಿದ್ದ ಕಮಲದಾಕಾರದ ಕಲ್ಲಿನ ಕಾರಂಜಿಯನ್ನು ವಾರಕ್ಕೊಮ್ಮೆ ಪಾಚಿ ಉಜ್ಜಿ ತೊಳೆಯುವುದು ಅವರ ಕೆಲಸ. ನಾನು ಶಾಲೆಯ ಡ್ರಾಯಿಂಗ್ ಟೀಚರು. ಸಾಹುಕಾರರು ಕೇಳಿದರೆಂದು ಬೇಸಿಗೆ ರಜೆಯಲ್ಲಿ ಅದರ ಜಲವರ್ಣ ಚಿತ್ರ ಬರೆಯಲು ಕೂತಿದ್ದೆ.

ನೀರು ನೋಡಲು ನನಗೆ ಕಲಿಸಿದವರು ಅವರೇ. “ನೀರಿಗೆ ನೀಲಿ ಯಾಕ್ ಹಾಕ್ತೀರಿ? ಹಿಂದಿರೋ ಸಿಲ್ವರ್ ಓಕ್ ಮರದ ಬಣ್ಣ ಅಲ್ವಾ ಅದ್ರಲ್ಲಿರೋದು?” ಆ ಹಾಳೆ ಹರಿದು ಮತ್ತೆ ಶುರುಮಾಡಿದೆ. ಬಿಳಿ ಕಾಗದವನ್ನು ಅಲ್ಲಲ್ಲಿ ಹಾಗೇ ಬಿಟ್ಟು, ಅಂಚಿಗೆ ತೆಳು ಹಸಿರು ತಾಗಿಸಿದೆ. ಕಾಗದದ ಮೇಲೆ ನೀರು ಬಂತು. ಆದರೆ ಕಾರಂಜಿಯ ಒಂದೇ ಒಂದು ಎಸಳು ಒಡೆದು, ಅಲ್ಲಿ ನೀರು ಹಗ್ಗದಂತೆ ವಾಲಿ ಬೀಳುವುದನ್ನೂ ನಾನು ಬರೆದಿದ್ದೆ. ಅದನ್ನು ಕಂಡ ದಿನದಿಂದ ಗಿರಿಜಕ್ಕ ಮಾತು ಕಡಿಮೆ ಮಾಡಿದರು.

ಮುಗಿದ ದಿನ ಸಾಹುಕಾರರು ಚಿತ್ರವನ್ನು ವರಾಂಡದ ಬೆಳಕಿಗೆ ಹಿಡಿದರು. “ಚೆನ್ನಾಗಿದೆ. ಈ ಒಡಕು ಮುಚ್ಚಿಬಿಡಿ. ಅಪ್ಪ ಇದ್ದಾಗ ಮಾಲಿ ಶೀನ ಒಡೆದಿದ್ದು. ಅದಕ್ಕೇ ಅವನನ್ನ ಕೆಲಸದಿಂದ ತೆಗೆದ್ರು.”

ಬಾಗಿಲ ಬಳಿ ನಿಂತಿದ್ದ ಗಿರಿಜಕ್ಕ, “ಶೀನಣ್ಣ ಅಲ್ಲ ಅಯ್ಯಾ,” ಎಂದರು. “ನನ್ನ ಕೈಯಿಂದ ಕೊಡಪಾನ ಜಾರಿ ಬಿದ್ದಿದ್ದು.”

ಕೆಲಸದ ಜೊತೆ ಎಸ್ಟೇಟ್ ಕೂಲಿಯವರ ಲೈನಿನ ಮನೆಯೂ ಹೋದರೆ ಅವರಿಗೆ ಬೇರೆ ನೆಲೆಯಿರಲಿಲ್ಲ.

“ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ ಹೇಳ್ತೀಯ?”

“ಗೋಡೇಲಿ ಹಾಕ್ತೀರಿ. ಚಿತ್ರದಲ್ಲಿ ಮುಚ್ಚಿದ್ರೂ ಕಲ್ಲಲ್ಲಿ ಒಡಕು ಇರುತ್ತಲ್ಲ, ಬಂದೋರೆಲ್ಲ ಎರಡೂ ನೋಡಿ ಕೇಳ್ತಾರೆ. ಕೇಳಿದಾಗೆಲ್ಲ ಅವನ ಹೆಸರು ಹೇಳ್ತೀರಿ.”

ಸಾಹುಕಾರರು ಚಿತ್ರವನ್ನು ಮೇಜಿನ ಮೇಲಿಟ್ಟು ಒಳಗೆ ನಡೆದರು. ನಾವಿಬ್ಬರೂ ನಿಂತೇ ಇದ್ದೆವು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, “ಚಿತ್ರದಲ್ಲಿ ಒಡಕು ಹಾಗೇ ಇರಲಿ. ಮೊದ್ಲು ಹೋಗಿ ಅವನಿಗೆ ಹೇಳು,” ಎಂದರು.

ಮಾರನೆಯ ದಿನ ನಾವಿಬ್ಬರೂ ಜೀಪು ಹತ್ತಿ ಶೀನಣ್ಣನ ಊರು ಬಾಳೂರಿಗೆ ಹೋದೆವು. ಶೀನಣ್ಣ ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ಗಿರಿಜಕ್ಕ ನಿಂತಲ್ಲೇ ಎಲ್ಲ ಹೇಳಿದರು. ಶೀನಣ್ಣ ತಲೆಯೆತ್ತದೆ ಕೇಳಿದರು.

“ನಾನು ಅವತ್ತೇ ನೋಡಿದ್ದೆ. ಮಗು ನಿನ್ನ ಸೊಂಟದ ಮೇಲಿತ್ತು, ಹೇಗೆ ಹೇಳ್ಲಿ?” ಎಂದವರೇ ಕಾಫಿ ತರಲು ಒಳಗೆ ಹೋದರು.

ವಾಪಸು ಬರುವಾಗ ಗಿರಿಜಕ್ಕ ದಾರಿಯುದ್ದಕ್ಕೂ ಜೀಪಿನ ಕಂಬಿ ಬಿಗಿಯಾಗಿ ಹಿಡಿದಿದ್ದರು. ಕೊನೆಗೆ, “ಅವನಿಗೆ ಗೊತ್ತಿಲ್ಲ ಅಂತ್ಲೇ ಸಂತೇಲಿ ಮುಖ ಕೊಟ್ಟು ಮಾತಾಡ್ತಿದ್ದೆ ಮಾರಾಯ್ತಿ. ಸಿಕ್ಕಾಗೆಲ್ಲ ಮಗಳು ಹೇಗಿದ್ದಾಳೆ ಅಂತ ಕೇಳೋನು,” ಎಂದರು. ಎಸ್ಟೇಟಿನ ತಿರುವಿನಲ್ಲಿ ಇಳಿದು, ತಿರುಗಿ ನೋಡದೆ ನಡೆದರು.

ಆಮೇಲೆ ನಾವು ಭೇಟಿಯಾಗಲಿಲ್ಲ. ನನಗೆ ಕಳಸಕ್ಕೆ ವರ್ಗವಾಯಿತು. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ತಡವಾಗಿ. ಮಣ್ಣು ಮಾಡಿದ ದಿನ ಶೀನಣ್ಣ ಮೊದಲ ಜೀಪಿಗೇ ಬಂದು, ಎಲ್ಲರೂ ಹೋದ ಮೇಲೂ ಆ ಮಗಳ ಪಕ್ಕದಲ್ಲಿ ಕೂತಿದ್ದರಂತೆ.