‘ಆಲ್ ಬಟ್’ ಎಂದರೆ ಏನೆಂದು ತಿಳಿಯದೆ

ಇವತ್ತು ಮೊಮ್ಮಗಳ ಇಂಗ್ಲಿಷ್ ಪುಸ್ತಕದಲ್ಲಿ ‘ಆಲ್ ಬಟ್’ ಎಂಬ ಎರಡು ಪದ ಕಂಡು ಪುಸ್ತಕವನ್ನು ಹಾಗೇ ಮುಚ್ಚಿಟ್ಟೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ಏಳನೆಯ ತರಗತಿಯಲ್ಲಿದ್ದ ನನಗೊಬ್ಬಳಿಗೇ. ಸೀರೆ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದ ಅಪ್ಪನ ಸುದ್ದಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಅವನು ಇಳಿದುಕೊಂಡಿದ್ದ ಲಾಡ್ಜಿನ ಮ್ಯಾನೇಜರರ ಪತ್ರ ಬಂತು. ನೂಲು ಸುತ್ತುತ್ತಿದ್ದ ಅವ್ವ ಬಣ್ಣ ಹತ್ತಿದ ಕೈಯಲ್ಲೇ ಅದನ್ನು ನನಗೆ ಕೊಟ್ಟಳು. ವಾಂತಿಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದು ಹೇಗೋ ತಿಳಿಯಿತು. ಆಮೇಲಿನ ಸಾಲು, ‘ಹಿ ವಾಸ್ ಆಲ್ ಬಟ್ ಡೆಡ್.’ ಕೊನೆಯ ಪದದ ಮುಂದಕ್ಕೆ ನನ್ನ ಕಣ್ಣು ಹೋಗಲಿಲ್ಲ.

“ಏನೈತಿ? ಹೇಳವಾ,” ಎಂದಳು ಅವ್ವ.

“ಅಪ್ಪಾ ಸತ್ತಾನಂತ,” ಎಂದೆ.

ಅಜ್ಜಿ ಎದೆ ಬಡಿದುಕೊಂಡಳು. ಅವ್ವ ಅಳಲಿಲ್ಲ, ತನ್ನ ಹಸಿರು ಬಳೆಗಳನ್ನೇ ನೋಡುತ್ತ ಕುಳಿತಳು. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಗಿ, ಪತ್ರ ಹಿಡಿದು ಪಕ್ಕದ ಓಣಿಯ ಮಾಸ್ತರರ ಮನೆಗೆ ಓಡಿದೆ.

ಅವರು ಓದಿದವರೇ ನನ್ನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದು ಅವ್ವನಿಗೆ ಹೇಳಿದರು, “ಸತ್ತಿಲ್ಲ ತಂಗಿ. ಸಾಯೂದೊಂದು ಬಾಕಿ ಇತ್ತು ಅಂತ ಬರದಾರ. ಈಗ ಗಂಜಿ ಕುಡ್ಯಾಕತ್ತಾರಂತ.”

ಅವ್ವ ಆಗ ಅತ್ತಳು.

ಹದಿನೈದು ದಿನದ ಮೇಲೆ ಅಪ್ಪ ಬಡಕಲಾಗಿ ಬಂದು ಬಾಗಿಲಲ್ಲಿ ನಿಂತ. ಎಲ್ಲರೂ ಅವನತ್ತ ಓಡಿದರೆ ನಾನು ಮಗ್ಗದ ಹಿಂದೆ ಅಡಗಿದೆ. ನನ್ನ ಬಾಯಿಂದಲೇ ಅವನು ಒಮ್ಮೆ ಸತ್ತಿದ್ದನಲ್ಲ! ಅವನೇ ಬಂದು ಅಪ್ಪಿಕೊಂಡಾಗಲೂ ನಾನು ಮುಖ ಮುಚ್ಚಿಕೊಂಡೇ ಇದ್ದೆ.

ಇಂದಿಗೂ ಮನೆಗೆ ಯಾವ ಪತ್ರ ಬಂದರೂ, ಕೊನೆಯ ಸಾಲು ಮುಗಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ.