ಸೆರಗಿನಡಿಯ ಸರ್ಪಸುತ್ತು

ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಬಾಣಂತಿಗೆ ನೀರು ಹಾಕುವಾಗ ಬಿಸಿನೀರು ಸಿಡಿದಿರಬೇಕು ಎಂದುಕೊಂಡೆ. ಮರುದಿನ ಕನ್ನಡಿಯಲ್ಲಿ ನೋಡಿದರೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ನೀರುಗುಳ್ಳೆಗಳ ಸಾಲು.

ಸರ್ಪಸುತ್ತು.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಬಾಣಂತನದಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ತಮ್ಮ ಮುರಳಿಯ ಹೆಂಡತಿ ಶೈಲಾಗೆ ತಾಯಿ ಇಲ್ಲ. ಅದಕ್ಕೇ ಅವನು ನನ್ನನ್ನು ಮೈಸೂರಿನಿಂದ ಅಮೆರಿಕದ ಲಾರೆನ್ಸ್‌ವಿಲ್‌ಗೆ ಕರೆಸಿಕೊಂಡಿದ್ದ. ಸರ್ಪಸುತ್ತು ಎಂದು ಗೊತ್ತಾದರೆ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ಆ ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುವ ಸುಖ ಬಿಡಲಾಗಲಿಲ್ಲ. ಯಾರಿಗೂ ಹೇಳಲಿಲ್ಲ. ರಂಗೋಲಿಗೆಂದು ತಂದಿದ್ದ ಕೆಮ್ಮಣ್ಣನ್ನು ಕಲಸಿ ಹಚ್ಚಿ, ಮೇಲೆ ಸೆರಗು ಬಿಗಿದುಕೊಂಡೆ. ಗುಳ್ಳೆ ಒಡೆದು ನೀರು ಬಂದಾಗ ಬಾತ್‌ರೂಮಿನಲ್ಲಿ ಕೈಗೆ ಸಿಕ್ಕಿದ ಟವೆಲಿನಲ್ಲಿ ಒರೆಸಿಕೊಂಡೆ.

ಅದು ಮುರಳಿಯ ಟವೆಲು.

ಗುಳ್ಳೆ ಒಣಗಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಎರಡು ವಾರ ಕಳೆದಿರಬೇಕು, ಮುರಳಿಗೆ ಜ್ವರ ಬಂದು ಮೈಯೆಲ್ಲ ಗುಳ್ಳೆ ಎದ್ದಿತು. ಕೂದಲೊಳಗೂ, ಮೂಗಿನ ತುದಿಯಲ್ಲೂ.

ಕನ್ನಡದವರೇ ಆದ ಹಿರಿಯ ಡಾಕ್ಟರೊಬ್ಬರು ಮನೆಗೇ ಬಂದರು. ನೋಡಿದೊಡನೆ ಚಿಕನ್‌ಪಾಕ್ಸ್ ಎಂದರು.

"ಮನೇಲಿ ಯಾರಿಗಾದ್ರೂ ಗುಳ್ಳೆ ಎದ್ದಿತ್ತಾ?"

"ಇಲ್ಲ ಅಂಕಲ್," ಎಂದ ಮುರಳಿ. ಅವನಿಗೆ ಹತ್ತಿರದ ಊರು ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಲ್ಲಿ ಕೆಲಸ. "ಕೌಂಟರ್ ಹತ್ರ ದಿನಾ ಮಕ್ಕಳ ಸಂತೆ. ಯಾವುದೋ ಮಗು ಕೊಟ್ಟಿದೆ. ಅಪ್ಪ ಆದ್ಮೇಲೆ ಮಕ್ಕಳ ಕಾಯಿಲೆ ನೋಡಿ, ಇದು ಪ್ರಮೋಷನ್ನೋ ಡಿಮೋಷನ್ನೋ!"

ಎಲ್ಲರೂ ನಕ್ಕರು. ನಾನೂ ನಕ್ಕು, "ಹೂಂ, ಆ ಮಕ್ಕಳದೇ ಇರ್ಬೇಕು," ಎಂದೆ.

ಅಷ್ಟು ಸಲೀಸಾಗಿ ಬಂತು ಸುಳ್ಳು.

ಡಾಕ್ಟರು ಮಗುವಿನ ಕಡೆ ತಿರುಗಿದರು. ನಗು ನಿಂತಿತು. "ಇಷ್ಟು ಎಳೇ ಮಗುಗೆ ಬಂದ್ರೆ ತಮಾಷೆ ಅಲ್ಲ. ಶೈಲಾ, ನಿನಗೆ ಚಿಕ್ಕವಳಿದ್ದಾಗ ಇದು, ಅಮ್ಮ ಅಂತಾರಲ್ಲ, ಆಗಿತ್ತಾ?"

"ಗೊತ್ತಿಲ್ಲ ಅಂಕಲ್. ಕೇಳೋಣ ಅಂದ್ರೆ ತಾಯಿ ಇಲ್ವಲ್ಲ."

ಇನ್ನು ತಡೆಯಲಾಗಲಿಲ್ಲ. "ಡಾಕ್ಟ್ರೇ, ನಂಗೆ ಸರ್ಪಸುತ್ತಾಗಿತ್ತು," ಎಂದೆ. ಕೆಮ್ಮಣ್ಣು, ಟವೆಲು, ಎಲ್ಲ ಹೇಳಿದೆ. ಶೈಲಾ ಮಗುವನ್ನು ಎದೆಗೆ ಒತ್ತಿಕೊಂಡಳು. ನನ್ನ ಮುಖ ನೋಡಲಿಲ್ಲ.

ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ಮುರಳಿ ಹುಟ್ಟುವ ಮೊದಲೇ, ಚಿಕ್ಕಂದಿನಲ್ಲಿ, ನನಗೆ ಅಮ್ಮ ಆಗಿತ್ತು. ಅದೇ ವೈರಸ್ ಅಂದಿನಿಂದ ನನ್ನ ನರದೊಳಗೆ ಮಲಗಿತ್ತಂತೆ. ಮೈಯ ಕಾವಲು ಸಡಿಲಾದಾಗ ಸರ್ಪಸುತ್ತಾಗಿ ಎದ್ದಿತಂತೆ. "ನಿಮ್ಮ ಮೈಗೆ ಅದರ ಗುರುತಿದೆ, ಒಂದೇ ಕಡೆ ಕಟ್ಟಿಹಾಕಿತು. ಟವೆಲಿನಿಂದ ಹೋದಾಗ ಮುರಳಿ ಮೈಗೆ ಅದು ಹೊಸ ಮುಖ. ಗುರುತು ಹಿಡಿದು ಸೈನ್ಯ ಕಟ್ಟೋ ಅಷ್ಟರಲ್ಲಿ ಅದು ಊರೆಲ್ಲ ಸುತ್ತಿಬಿಡ್ತು."

"ಮಗುಗೆ ಸೈನ್ಯ?" ಎಂದಳು ಶೈಲಾ.

"ನಿನಗೆ ಹಿಂದೆ ಬಂದಿದ್ರೆ ಹೊಟ್ಟೇಲಿದ್ದಾಗಲೇ ನಿನ್ನ ಆ್ಯಂಟಿಬಾಡೀಸ್, ಅದೇ ಆ ಸೈನ್ಯ, ಅದಕ್ಕೂ ಹೋಗಿರುತ್ತೆ. ಬ್ಲಡ್ ಟೆಸ್ಟ್ ಮಾಡಿದ್ರೆ ಗೊತ್ತಾಗುತ್ತೆ."

ಫಲಿತಾಂಶ ಬರುವವರೆಗೆ ನಾನು ಮಗುವನ್ನು ಮುಟ್ಟಲಿಲ್ಲ. ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಮೈಸೂರಿನ ದೇವರಿಗೆಲ್ಲ ಹರಕೆ ಹೊತ್ತೆ. ಮಗುವಿಗೆ ಶೈಲಾಳೇ ನೀರು ಹಾಕಿಕೊಂಡಳು. ಮುರಳಿ ಗುಲಾಬಿ ಬಣ್ಣದ ಲೋಷನ್ ಬಳಿದುಕೊಂಡು ಒಂದು ರೂಮಿನಲ್ಲಿದ್ದ. ತಟ್ಟೆ ಕೊಡಲು ಹೋದರೆ, "ಅಕ್ಕಾ, ಅಮೆರಿಕಾಕ್ಕೆ ಬರುವಾಗ ಏನು ತಂದೆ ಅಂದ್ರೆ ಚಟ್ನಿಪುಡಿ ಅಂದೆಯಲ್ಲೇ!" ಎಂದ. ನಗು ಬಂತು, ಅಳುವೂ ಬಂತು.

ಡಾಕ್ಟರ ಫೋನನ್ನು ಶೈಲಾಳೇ ಎತ್ತಿಕೊಂಡಳು. ಕೇಳುತ್ತಾ ಕೇಳುತ್ತಾ ಮಗುವಿನ ಹತ್ತಿರ ಹೋಗಿ ಕುಳಿತಳು.

"ನಂಗೆ ಹಿಂದೆ ಅಮ್ಮ ಆಗಿತ್ತಂತೆ ಅಕ್ಕಾ," ಎಂದಳು. "ಆ ಸೈನ್ಯ ಮಗುಗೂ ಹೋಗಿರುತ್ತಂತೆ. ಆದ್ರೂ ಇನ್ನೂ ಕೆಲವು ವಾರ ನೋಡ್ತಿರಿ ಅಂದ್ರು."

ಅವಳಿಗೇ ನೆನಪಿಲ್ಲದ್ದನ್ನು ಅವಳ ರಕ್ತ ನೆನಪಿಟ್ಟುಕೊಂಡು ಕೂಸಿಗೆ ಕೊಟ್ಟಿತ್ತು. ಎಷ್ಟೋ ಬಾಣಂತನ ಮಾಡಿದವಳು ನಾನು, ತಾಯಿ ಹೀಗೂ ಕೊಡುತ್ತಾಳೆಂದು ತಿಳಿದಿರಲಿಲ್ಲ.

ಆ ವಾರಗಳು ಕಳೆದವು. ಮಗುವಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಮುರಳಿಯ ಮೂಗಿನ ಮೇಲೆ ಒಂದು ಕಲೆ ಉಳಿಯಿತು.

ನಿನ್ನೆ ಶೈಲಾ ಮಗುವನ್ನು ಎತ್ತಿಕೊಂಡು ಬಾತ್‌ರೂಮಿನ ಬಾಗಿಲಲ್ಲಿ ನಿಂತಳು. "ಮೊದ್ಲು ಕೈ ತೋರ್ಸಿ. ಬೆನ್ನು? ಪಕ್ಕೆ?" ಸೆರಗು ಸರಿಸಿ ಒಂದು ಸುತ್ತು ತಿರುಗಿದೆ. ಚೆನ್ನಾಗಿ ನೋಡಿದಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟಳು.